ಬೇಸಿಗೆ ರಜೆ ಮತ್ತು ಕಾಲೇಜ್ ಅರ್ಜಿ: ಕೌನ್ಸೆಲರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡ ಪೋಷಕರಿಗೆಲ್ಲ ನಮಸ್ಕಾರ. ಇಲ್ಲಿನ ಪಬ್ಲಿಕ್ ಹೈಸ್ಕೂಲಿನಲ್ಲಿ ಕೌನ್ಸೆಲರ್ (ಕೋರ್ಸ್, ಕಾಲೇಜ್ ಅರ್ಜಿಗೆ ದಾರಿ ತೋರಿಸುವವರು) ಆಗಿರುವ ನಮ್ಮ ಸದಸ್ಯೆಯೊಬ್ಬರು ಈ ವಾರ ಉತ್ತರ ಕೊಡಲು ಒಪ್ಪಿದ್ದಾರೆ. ಮಕ್ಕಳ ವಿಷಯ, ಅದಕ್ಕೆ ಹೆಸರು ಬೇಡ, ಊರು ಸಾಕು.

ಡಬ್ಲಿನ್: ಮೇಡಂ, ಮಗ 10ನೇ ಗ್ರೇಡ್. ಈ ಬೇಸಿಗೆಗೆ ಯಾವ ಪ್ರೋಗ್ರಾಂ ಸೇರಿಸಿದರೆ ಒಳ್ಳೇದು? ಒಂದು ಹೆಸರುವಾಸಿ ಕ್ಯಾಂಪಸ್‌ನಲ್ಲಿ ಎರಡು ವಾರಕ್ಕೆ 6,000 ಡಾಲರ್ ಕೇಳ್ತಿದ್ದಾರೆ.

ಕೌನ್ಸೆಲರ್: ದುಡ್ಡು ಕಟ್ಟಿದವರನ್ನೆಲ್ಲ ಸೇರಿಸಿಕೊಳ್ಳುವ ಪ್ರೋಗ್ರಾಂ ಯಾವುದು ಅಂತ ಅರ್ಜಿ ಓದುವವರಿಗೂ ಗೊತ್ತು. ಎಷ್ಟೋ ಕಡೆ ಹೊರಗಿನ ಕಂಪನಿಯವರು ಬೇಸಿಗೆಯಲ್ಲಿ ಖಾಲಿ ಇರುವ ಹಾಸ್ಟೆಲ್, ಕ್ಲಾಸ್‌ರೂಮ್ ಬಾಡಿಗೆಗೆ ತಗೊಂಡು ನಡೆಸುತ್ತಾರೆ. ಅಲ್ಲಿ ಮಲಗಿ ಎದ್ದು ಬಂದರೆ ಆ ಯೂನಿವರ್ಸಿಟಿ ನಿಮ್ಮ ಮಗನನ್ನು ಆರಿಸಿತು ಅಂತಲ್ಲ. ನಿಜವಾಗಿ ಆರಿಸುವಂಥವು ಬೇರೆ ಇವೆ. ಎಂಐಟಿಯಲ್ಲಿ ನಡೆಯುವ ಆರ್‌ಎಸ್‌ಐ ಅನ್ನುವ ವಿಜ್ಞಾನ ಸಂಶೋಧನೆಯ ಪ್ರೋಗ್ರಾಂಗೆ ಸುಮಾರು ನೂರು ಮಕ್ಕಳನ್ನು ತಗೊಳ್ಳುತ್ತಾರೆ, ಶುಲ್ಕ ಇಲ್ಲ. ಓದು, ಚರ್ಚೆಯ ಟೆಲ್ಯುರೈಡ್ ಬೇಸಿಗೆ ಸೆಮಿನಾರ್‌ಗೂ ಶುಲ್ಕ ಇಲ್ಲ. ಗಣಿತದ ಹುಚ್ಚು ಇದ್ದವರಿಗೆ ರಾಸ್, ಪ್ರಾಮಿಸ್ ಅನ್ನುವ ಬೇಸಿಗೆ ಪ್ರೋಗ್ರಾಂಗಳಿವೆ. ನಮ್ಮ ರಾಜ್ಯದವರಿಗೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳಲ್ಲಿ ವಿಜ್ಞಾನ, ಗಣಿತದ ನಾಲ್ಕು ವಾರದ ಕಾಸ್ಮಾಸ್ ಇದೆ, ಅದಕ್ಕೆ ಶುಲ್ಕ ಉಂಟು, ಆದಾಯ ಕಡಿಮೆ ಇದ್ದವರಿಗೆ ನೆರವೂ ಉಂಟು. ಆದರೆ ಇವಕ್ಕೆಲ್ಲ ಚಳಿಗಾಲದಲ್ಲೇ ಅರ್ಜಿ ಹಾಕಬೇಕು. ಈಗ ಮೇ ತಿಂಗಳು. ಮತ್ತೆ, ಮಗನಿಗೆ ಏನು ಇಷ್ಟ ಅಂತ ನೀವು ಬರೆದೇ ಇಲ್ಲ.

ಸ್ಯಾನ್ ರಮೋನ್: ಮೇಡಂ, ಒಪ್ಪಲ್ಲ. ನನ್ನ ದೊಡ್ಡ ಮಗ ಇಂಥದ್ದೇ ಪ್ರೋಗ್ರಾಂಗೆ ಹೋಗಿದ್ದ, ಈಗ ಒಳ್ಳೆ ಕಾಲೇಜಿನಲ್ಲಿದ್ದಾನೆ. ದುಡ್ಡು ವೇಸ್ಟ್ ಅಂತ ಜನರನ್ನು ಹೆದರಿಸಬೇಡಿ.

ಫ್ರೀಮಾಂಟ್: ಮಗಳಿಗೆ ಕೆಮಿಸ್ಟ್ರಿಯಲ್ಲಿ ಮೊದಲ ಸೆಮಿಸ್ಟರ್ ಡಿ, ಎರಡನೆಯದು ಸಿ ಬರಬಹುದು. ಬೇಸಿಗೆಯಲ್ಲಿ ಎರಡೂ ಮತ್ತೆ ಮಾಡಿಸಲಾ?

ಕೌನ್ಸೆಲರ್: ಡಿ ಬಂದದ್ದನ್ನು ಮತ್ತೆ ಮಾಡಿಸಿ. ಯುಸಿಯವರು ಕೇಳುವ ವಿಷಯಗಳಲ್ಲಿ ಸಿ ಅಥವಾ ಅದಕ್ಕಿಂತ ಮೇಲೆ ಇರಬೇಕು. ಸಿ ಬಂದದ್ದನ್ನು ಮತ್ತೆ ಮಾಡಿಸಬೇಡಿ, ಹೊಸ ಗ್ರೇಡನ್ನು ಅವರು ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕಕ್ಕೆ ಹಿಡಿಯೋದಿಲ್ಲ, ಮಗುವಿನ ರಜೆ ಹೋಗುತ್ತೆ ಅಷ್ಟೇ. ಲ್ಯಾಬ್ ಇರುವ ಕೋರ್ಸೇ ಆಗಬೇಕು, ಸೇರಿಸುವ ಮೊದಲು ಶಾಲೆಯ ಕೌನ್ಸೆಲರ್ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತಗೊಳ್ಳಿ.

ಫ್ರೀಮಾಂಟ್: ಓಲೋನಿ ಕಾಲೇಜಿನಲ್ಲಿ ಮಾಡಬಹುದಾ?

ಕೌನ್ಸೆಲರ್: ಓಲೋನಿಯಂಥ ಕಮ್ಯುನಿಟಿ ಕಾಲೇಜ್, ಅಂದರೆ ಎರಡು ವರ್ಷದ ಸಾರ್ವಜನಿಕ ಕಾಲೇಜ್, ನನಗೆ ಇಷ್ಟವಾದ ದಾರಿ. ಹೈಸ್ಕೂಲ್ ಮಕ್ಕಳು ಒಂದೆರಡು ಕೋರ್ಸ್ ತಗೊಂಡರೆ ಟ್ಯೂಷನ್ ಇಲ್ಲ, ಪುಸ್ತಕ ಮತ್ತೆ ಸಣ್ಣಪುಟ್ಟ ಫೀ ಅಷ್ಟೇ. ಓಲೋನಿ, ಡಿ ಆಂಜಾ, ಲಾಸ್ ಪೊಸಿಟಾಸ್, ಎಲ್ಲಾ ಹತ್ತಿರದಲ್ಲೇ ಇವೆ. ಆದರೆ ಕೆಮಿಸ್ಟ್ರಿಯಲ್ಲಿ ಎಡವಿದ ಮಗುವಿಗೆ ಆರು ವಾರದ ಕಾಲೇಜ್ ಕೆಮಿಸ್ಟ್ರಿ ಬೇಡ. ಇಡೀ ಸೆಮಿಸ್ಟರಿನ ಪಾಠವನ್ನು ಅಷ್ಟರಲ್ಲಿ ತುರುಕುತ್ತಾರೆ. ಅಲ್ಲಿ ಬಂದ ಗ್ರೇಡ್ ಆ ಕಾಲೇಜಿನ ದಾಖಲೆಯಲ್ಲಿ ಶಾಶ್ವತ, ಮುಂದೆ ಪ್ರತಿ ಅರ್ಜಿಗೂ ತೋರಿಸಬೇಕು. ನಿಮ್ಮ ಶಾಲಾ ಜಿಲ್ಲೆಯ ಸಮ್ಮರ್ ಸ್ಕೂಲ್ ಸಾಕು.

ಸನಿವೇಲ್: ಇದು ವಾಟ್ಸಾಪ್‌ನಲ್ಲಿ ಬಂತು, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕ್ತಿದ್ದೇನೆ. "ಐವಿ ಲೀಗ್‌ಗೆ ಗ್ಯಾರಂಟಿ ದಾರಿ: 9ನೇ ಗ್ರೇಡಲ್ಲೇ ಮಗುವಿನ ಹೆಸರಲ್ಲಿ ನಾನ್‌ಪ್ರಾಫಿಟ್ ರಿಜಿಸ್ಟರ್ ಮಾಡಿ. ಬೇಸಿಗೆಗೆ ಒಂದು ರಿಸರ್ಚ್ ಪೇಪರ್ ಪಬ್ಲಿಷ್ ಮಾಡಿಸಿ. ಒಂದು ಪೇಟೆಂಟ್ ಹಾಕಿ. ಮಗು 5 ಗಂಟೆ ಮಲಗಿದರೆ ಸಾಕು."

ಕೌನ್ಸೆಲರ್: ದಯವಿಟ್ಟು ಇದನ್ನು ತೆಗೀರಿ. ಈ ವಯಸ್ಸಿನ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನನ್ನ ಆಫೀಸಿನಲ್ಲಿ ಕೂತು ಅಳುವ ಮಕ್ಕಳನ್ನು ನೀವು ನೋಡಿಲ್ಲ, ನಾನು ನೋಡ್ತೀನಿ. ಅಪ್ಪ ಬರೆದ ವೆಬ್‌ಸೈಟು, ಅಮ್ಮ ತುಂಬಿದ ಫಾರ್ಮು, ಎರಡು ಫೋಟೋ ಇರುವ ನಾನ್‌ಪ್ರಾಫಿಟ್ ಯಾರಿಗೂ ಬೇಡ. ಗ್ಯಾರಂಟಿ ಅನ್ನುವ ಪದ ಇದ್ದರೆ ಅಲ್ಲಿಗೇ ಓದೋದು ನಿಲ್ಲಿಸಿ.

ಸನಿವೇಲ್: ನಾನು ಬರೆದಿದ್ದಲ್ಲ ಮೇಡಂ, ಫಾರ್ವರ್ಡ್ ಅಷ್ಟೇ.

ಕೌನ್ಸೆಲರ್: ಓದಿದವರಿಗೆ ಅದು ಗೊತ್ತಾಗಲ್ಲ.

ಕ್ಯುಪರ್ಟಿನೊ: ಪೇಪರ್ ವಿಷಯ ಬಂತಲ್ಲ, ನಾನೂ ಕೇಳ್ತೀನಿ. ಒಂದು ಸಂಸ್ಥೆಯವರು 5,000 ಡಾಲರ್‌ಗೆ ಹತ್ತು ವಾರದಲ್ಲಿ ಮಗನ ಪೇಪರ್ ಜರ್ನಲ್‌ನಲ್ಲಿ ಬರುತ್ತೆ ಅಂತಾರೆ. ಮೆಂಟರ್ "ಬರೆಯೋಕೆ ಸಹಾಯ" ಮಾಡ್ತಾರಂತೆ. ಕಟ್ಟಲಾ?

ಕೌನ್ಸೆಲರ್: ಕಟ್ಟಬೇಡಿ. ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಂದೇ ಅರ್ಜಿ) ಕೊಟ್ಟದ್ದೆಲ್ಲ ತನ್ನದೇ ಕೆಲಸ, ನಿಜ ಅಂತ ನಿಮ್ಮ ಮಗ ಸಹಿ ಹಾಕಬೇಕು. ಯುಸಿಯವರು ಕೆಲವು ಅರ್ಜಿಗಳನ್ನು ಸುಮ್ನೆ ಆರಿಸಿ, ಇದಕ್ಕೆ ದಾಖಲೆ ಕೊಡಿ ಅಂತ ಕೇಳ್ತಾರೆ. ಕೊಡದಿದ್ದರೆ ಅರ್ಜಿ ರದ್ದು. ಸೀಟು ಕೊಟ್ಟ ಮೇಲೂ ವಾಪಸ್ ತಗೊಳ್ಳಬಹುದು. ಹದಿನಾರು ವರ್ಷದ ಹುಡುಗನಿಗೆ ಮೊದಲ ಸಹಿಯೇ ಸುಳ್ಳಿನ ಮೇಲೆ ಹಾಕೋಕೆ ಕಲಿಸಬೇಡಿ. ಅವನಿಗೆ ಪ್ರಶ್ನೆ ಇದೆಯಾ? ಇದ್ದರೆ ಅದನ್ನು ಹಿಡಿದು ಮನೆಯಲ್ಲೇ ಕೆಲಸ ಮಾಡಲಿ, ಪೇಪರ್ ಆಗದಿದ್ದರೂ ಅವನದ್ದಾಗಿರುತ್ತೆ.

ಲಿವರ್ಮೋರ್: ನಾವು ಎಚ್-4 ವೀಸಾದಲ್ಲಿದ್ದೇವೆ, ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡೋದು. ಮಗಳಿಗೆ ಒಂದು ಸಣ್ಣ ಕಂಪನಿ ಸಂಬಳದ ಇಂಟರ್ನ್‌ಶಿಪ್ ಕೊಡ್ತಿದೆ. ಸೇರಬಹುದಾ?

ಕೌನ್ಸೆಲರ್: ಬೇಡ. ಎಚ್-4 ಮಕ್ಕಳು ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ಸಂಬಳ ಬಿಟ್ಟು ಅದೇ ಕಂಪನಿಯಲ್ಲಿ ಅದೇ ಕೆಲಸ ಮಾಡಿಸೋದೂ ಅಪಾಯ, ಇಮಿಗ್ರೇಷನ್ ವಕೀಲರನ್ನು ಕೇಳದೆ ಕಾಲಿಡಬೇಡಿ. ಲೈಬ್ರರಿ, ಫುಡ್ ಬ್ಯಾಂಕ್‌ನಂಥ ಕಡೆ ಎಲ್ಲರ ಹಾಗೆ ಸ್ವಯಂಸೇವೆ ಮಾಡಬಹುದು, ಕೋರ್ಸ್ ತಗೊಳ್ಳಬಹುದು. ಮತ್ತೊಂದು, ಫೆಡರಲ್ ನೆರವು ಸಿಗಲ್ಲ, ಕಾಲೇಜುಗಳ ಪಟ್ಟಿ ಮಾಡುವಾಗ ಈ ಬೇಸಿಗೆಯಲ್ಲೇ ದುಡ್ಡಿನ ಲೆಕ್ಕ ಹಾಕಿ.

ಲಿವರ್ಮೋರ್: 21 ತುಂಬಿದ ಮೇಲೆ ಎಚ್-4 ಇರಲ್ಲ, ಅಷ್ಟರೊಳಗೆ ಅವಳಿಗೆ ಗ್ರೀನ್ ಕಾರ್ಡ್ ಬರದಿದ್ದರೆ ಕಾಲೇಜಿನ ಮಧ್ಯದಲ್ಲಿ ಏನು ಮಾಡೋದು?

ಡಬ್ಲಿನ್: ಊರಿಗೆ ಹೋಗ್ತಿದ್ದೇವೆ, ಹಾಸನದ ಹತ್ತಿರದ ಹಳ್ಳಿ. ಅಲ್ಲಿ ಸರ್ಕಾರಿ ಶಾಲೆಯಲ್ಲಿ ಮಗ ಎರಡು ವಾರ ಕೋಡಿಂಗ್ ಹೇಳಿಕೊಟ್ಟರೆ ಅರ್ಜಿಗೆ ಚೆನ್ನಾಗಿರುತ್ತಾ?

ಸ್ಯಾಂಟಾ ಕ್ಲಾರಾ: ನಾನು ಅಂಥದ್ದೇ ಶಾಲೆಯಲ್ಲಿ ಓದಿದವನು. ಬೇಸರ ಮಾಡ್ಕೋಬೇಡಿ, ಆದರೆ ಆ ಮಕ್ಕಳು ನಿಮ್ಮ ಮಗನ ಫೋಟೋಗೆ ನಿಲ್ಲೋಕೆ ಇರೋರಲ್ಲ. ಕಂಪ್ಯೂಟರ್ ಬಿಟ್ಟು ಬರ್ತೀರಾ? ಮುಂದಿನ ವರ್ಷ ಹೋಗ್ತೀರಾ?

ಡಬ್ಲಿನ್: ಸಹಾಯ ಮಾಡೋಕೆ ಹೊರಟರೂ ತಪ್ಪಾ? ನೀವೇನು ಮಾಡಿದ್ದೀರಿ ನಿಮ್ಮ ಶಾಲೆಗೆ?

ಸ್ಯಾಂಟಾ ಕ್ಲಾರಾ: ಅದನ್ನು ಇಲ್ಲಿ ಹೇಳಬೇಕಿಲ್ಲ.

ಸ್ಯಾನ್ ರಮೋನ್: ನಮ್ಮ ಕಾಲದಲ್ಲಿ ಪಿಯುಸಿ ಮಾರ್ಕ್ಸ್, ಸಿಇಟಿ ರ‍್ಯಾಂಕ್, ಮುಗೀತು. ಈ ನಾಟಕವೇ ಇರಲಿಲ್ಲ.

ಫ್ರೀಮಾಂಟ್: ಸಿಇಟಿಗೆ ಕೋಚಿಂಗ್‌ಗೆ ದುಡ್ಡಿಲ್ಲದೆ ಬಿಟ್ಟವರಲ್ಲಿ ನಾನೂ ಒಬ್ಬಳು. ಅದನ್ನು ನ್ಯಾಯ ಅಂತ ಹೇಳಬೇಡಿ.

ಅಡ್ಮಿನ್: ವಿಷಯಕ್ಕೆ ಬನ್ನಿ, ದಯವಿಟ್ಟು.

ಮಿಲ್ಪಿಟಾಸ್: ಮೇಡಂ, ಕೇಳೋಕೆ ಸಂಕೋಚ. ಮಗಳು 11ನೇ ಗ್ರೇಡ್ ಮುಗಿಸ್ತಿದ್ದಾಳೆ. ದಾವಣಗೆರೆಯಿಂದ ನಮ್ಮತ್ತೆ ಬಂದು ಎರಡು ವರ್ಷ ಆಯ್ತು, ಮರೆವಿನ ಕಾಯಿಲೆ. ನಾವಿಬ್ಬರೂ ಆಫೀಸಿಗೆ ಹೋಗ್ತೀವಿ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಇಡೀ ದಿನ, ಅಜ್ಜಿಯನ್ನು ನೋಡಿಕೊಳ್ಳೋದು ಇವಳೇ. ಕ್ಯಾಂಪ್ ಇಲ್ಲ, ಇಂಟರ್ನ್‌ಶಿಪ್ ಇಲ್ಲ. ಎರಡು ಬೇಸಿಗೆ ಸುಮ್ನೆ ಹೋಯ್ತು. ಈಗ ಏನಾದರೂ ಮಾಡಿ ಸರಿ ಮಾಡಬಹುದಾ?

ಕೌನ್ಸೆಲರ್: ಸಂಕೋಚ ಬೇಡಮ್ಮ. ಮಧ್ಯಾಹ್ನದಿಂದ ನಿಮ್ಮ ಪ್ರಶ್ನೆಯೇ ತಲೆಯಲ್ಲಿದೆ, ಊಟ ಮುಗಿಸಿ ಕೂತು ಬರೀತಿದ್ದೇನೆ, ಉದ್ದ ಆಗುತ್ತೆ.

ಮೊದಲಿಗೆ, ಸುಮ್ನೆ ಹೋಯ್ತು ಅನ್ನುವ ಮಾತನ್ನು ಅವಳ ಎದುರು ಆಡಬೇಡಿ. ಆಡಿದ್ದರೆ ವಾಪಸ್ ತಗೊಳ್ಳಿ. ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆಗೆ ಹತ್ತು ಜಾಗ ಇವೆ, ಅದರ ವಿಧಗಳಲ್ಲಿ "ಕುಟುಂಬದ ಜವಾಬ್ದಾರಿ" ಅಂತಲೇ ಒಂದಿದೆ. ನಿಮ್ಮ ಮಗಳಂಥ ಮಕ್ಕಳು ಇದ್ದಾರೆ ಅಂತ ಗೊತ್ತಿದ್ದೇ ಅದನ್ನು ಇಟ್ಟಿದ್ದಾರೆ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತ ಕೇಳ್ತಾರೆ, ನಿಜವಾದ ಲೆಕ್ಕ ಹಾಕಿ. ಶಾಲೆ ಇರುವಾಗ ಹದಿನೈದು, ರಜೆಯಲ್ಲಿ ನಲವತ್ತು ಆದರೆ ಹಾಗೇ ಬರೆಯಲಿ, ಕಡಿಮೆ ಮಾಡಬೇಡಿ. ವಿವರಕ್ಕೆ 150 ಅಕ್ಷರ ಮಾತ್ರ. "ಮರೆವಿನ ಕಾಯಿಲೆಯ ಅಜ್ಜಿಗೆ ಊಟ, ಮಾತ್ರೆ, ಸ್ನಾನ, ವಾಕಿಂಗ್, ಡಾಕ್ಟರ್ ಹತ್ತಿರ ಕನ್ನಡ–ಇಂಗ್ಲಿಷ್ ಎರಡೂ ಕಡೆ ಮಾತು ಮುಟ್ಟಿಸುವುದು", ಈ ಥರ. "ಕರುಣೆ ಕಲಿತೆ" ಅಂತ ಬೇಡ, ಏನು ಮಾಡಿದಳೋ ಅದು. ಯುಸಿಯಲ್ಲಿ ಇಪ್ಪತ್ತು ಜಾಗ, ಒಂದೊಂದಕ್ಕೆ 350 ಅಕ್ಷರ, ಅಲ್ಲಿ ಇನ್ನೂ ಬಿಡಿಸಿ ಬರೆಯಬಹುದು.

ಆಗಸ್ಟ್‌ನಲ್ಲಿ ಶಾಲೆ ತೆರೆದ ಮೊದಲ ವಾರವೇ ಅವಳ ಕೌನ್ಸೆಲರ್‌ಗೆ ಮನೆಯ ಪರಿಸ್ಥಿತಿ ಹೇಳಿ. ನಮಗೆ ಗೊತ್ತಿಲ್ಲದ್ದನ್ನು ಕಾಲೇಜುಗಳಿಗೆ ಕಳಿಸುವ ಶಿಫಾರಸು ಪತ್ರದಲ್ಲಿ ನಾವು ಬರೆಯೋಕಾಗಲ್ಲ. ಕ್ಲಬ್‌ಗಳಲ್ಲಿ ಯಾಕಿಲ್ಲ, ಸಂಜೆ ಯಾಕೆ ಸಿಗಲ್ಲ ಅನ್ನೋದಕ್ಕೆ ಕೌನ್ಸೆಲರ್ ಬರೆದ ಎರಡು ಸಾಲು ತುಂಬಾ ತೂಗುತ್ತೆ.

ಪ್ರಬಂಧ ಅಜ್ಜಿಯ ಮೇಲೆ ಬರೆಯಬೇಕಾ ಅಂತ ಮುಂದೆ ಕೇಳ್ತೀರಿ. ಅದು ಅವಳಿಗೆ ಬಿಟ್ಟದ್ದು. 650 ಪದದಲ್ಲಿ ಅವಳು ಇನ್ನೇನೋ ಹೇಳಬೇಕು ಅಂದುಕೊಂಡಿರಬಹುದು. ಅಜ್ಜಿಗೂ ಒಂದು ಮಾನ ಇದೆ, ಎಲ್ಲವನ್ನೂ ಅಪರಿಚಿತರಿಗೆ ಹೇಳಬೇಕಿಲ್ಲ.

ಈಗ ನನಗೆ ಚಿಂತೆ ತಂದಿರುವ ವಿಷಯ, ಅದು ಅರ್ಜಿಯದ್ದಲ್ಲ. ಹದಿನೇಳು ವರ್ಷದ ಹುಡುಗಿ ದಿನವಿಡೀ ಒಬ್ಬಳೇ ಅಜ್ಜಿಯ ಜೊತೆ. ಅಜ್ಜಿ ಬಾಗಿಲು ತೆಗೆದು ಹೊರಗೆ ಹೋದರೆ? ಗ್ಯಾಸ್ ಹಚ್ಚಿಟ್ಟು ಮರೆತರೆ? ಆ ಭಯ ಇಟ್ಟುಕೊಂಡೇ ಅವಳು ಎರಡು ಬೇಸಿಗೆ ಕಳೆದಿದ್ದಾಳೆ. ಈ ಬೇಸಿಗೆ ವಾರದಲ್ಲಿ ಎರಡು ಅರ್ಧ ದಿನವಾದರೂ ಬೇರೆ ಯಾರಾದರೂ ಅಜ್ಜಿಯ ಹತ್ತಿರ ಇರಲಿ. ನೀವು ಮನೆಯಿಂದ ಕೆಲಸ ಮಾಡಿ, ಇಲ್ಲ ಹಿರಿಯರ ಡೇ ಕೇರ್ ನೋಡಿ. ಆ ಸಮಯದಲ್ಲಿ ಅವಳನ್ನು ಇನ್ನೊಂದು ಕ್ಲಾಸಿಗೆ ತಳ್ಳಬೇಡಿ. ಏನು ಬೇಕು ಅಂತ ಅವಳನ್ನೇ ಕೇಳಿ.

ಕ್ಯುಪರ್ಟಿನೊ: ಒಳ್ಳೆಯ ಮಾತು, ಆದರೆ ನಿಜ ಹೇಳಿ. ಎಲ್ಲರ ಮನೆಯಲ್ಲೂ ಅಜ್ಜಿ ಇರ್ತಾರೆ. ಪಕ್ಕದ ಮನೆ ಹುಡುಗ ಒಲಿಂಪಿಯಾಡ್ ಮೆಡಲ್ ಹಾಕಿರ್ತಾನೆ. ಇದು ಅದರ ಮುಂದೆ ನಿಲ್ಲುತ್ತಾ?

ಕೌನ್ಸೆಲರ್: ಅವಳಿಗೆ ಯಾವ ಕಾಲೇಜ್ ಸಿಗುತ್ತೆ ಅಂತ ನಾನು ಹೇಳಿಲ್ಲ, ಹೇಳೋದೂ ಇಲ್ಲ. ಮೆಡಲ್ ಇದ್ದವನು ಮೆಡಲ್ ಬರೀತಾನೆ. ಇವಳು ಮಾಡಿದ್ದನ್ನು ಇವಳು ಬರೀತಾಳೆ. ಒಬ್ಬ ತಾಯಿ ಮಗಳ ಬಗ್ಗೆ ಕೇಳಿದ ಜಾಗದಲ್ಲಿ ಈ ಹೋಲಿಕೆ ಯಾಕೆ ಬೇಕಿತ್ತು?

ಕ್ಯುಪರ್ಟಿನೊ: ನೀವು ಭಾವನೆಯಿಂದ ಮಾತಾಡ್ತಿದ್ದೀರಿ.

ಸ್ಯಾಂಟಾ ಕ್ಲಾರಾ: ಸಾರ್, ಸಾಕು ಮಾಡಿ.

ಸನಿವೇಲ್: ಕಾಲೇಜ್ ಪ್ರವೇಶದ ಪರೀಕ್ಷೆ ಎಸ್‌ಎಟಿ, ಬೇಸಿಗೆಯಲ್ಲಿ ಬರೆಸಬೇಕಾ?

ಕೌನ್ಸೆಲರ್: ಪ್ರವೇಶಕ್ಕೆ ಯುಸಿಯಾಗಲಿ, ರಾಜ್ಯದ ಇನ್ನೊಂದು ಸಾರ್ವಜನಿಕ ಯೂನಿವರ್ಸಿಟಿ ಕ್ಯಾಲ್ ಸ್ಟೇಟ್ ಆಗಲಿ ನೋಡೋದೇ ಇಲ್ಲ. ಎಂಐಟಿ ಕೇಳುತ್ತೆ. ನಿಮ್ಮ ಪಟ್ಟಿ ನೋಡಿ.

ಡಬ್ಲಿನ್: ಹಾಗಾದರೆ 10ನೇ ಗ್ರೇಡ್‌ಗೆ ಯಾವ ಪ್ರೋಗ್ರಾಂ ಅಂತ ಕೊನೆಗೂ ಹೇಳಲಿಲ್ಲ.

ಕೌನ್ಸೆಲರ್: ಮೊದಲ ಉತ್ತರ ಓದಿ.

ಡಬ್ಲಿನ್: ಓದಿದೆ. ಮಗನಿಗೆ ಸೈಕಲ್ ರಿಪೇರಿ ಇಷ್ಟ, ಅದು ಬರೆಯೋ ವಿಷಯಾನಾ?

ಕೌನ್ಸೆಲರ್: ಹೌದು! ಇದನ್ನು ಮೊದಲೇ ಹೇಳಬೇಕಿತ್ತು. ಹತ್ತಿರದ ಸೈಕಲ್ ಅಂಗಡಿಯಲ್ಲಿ ಕೆಲಸ ಕೇಳಲಿ. 18 ಆಗಿಲ್ಲ, ಹಾಗಾಗಿ ವರ್ಕ್ ಪರ್ಮಿಟ್ ಬೇಕು, ಶಾಲೆಯಿಂದಲೇ ಕೊಡ್ತಾರೆ, ಜೂನ್‌ನಲ್ಲಿ ಆಫೀಸ್ ಮುಚ್ಚುವ ಮೊದಲು ಫಾರ್ಮ್ ತಗೊಳ್ಳಿ. ಅಂಗಡಿಯವರು ಆಗಲ್ಲ ಅಂದರೆ ಬೀದಿಯವರ ಸೈಕಲ್‌ಗಳನ್ನು ಗ್ಯಾರೇಜಿನಲ್ಲಿ ರಿಪೇರಿ ಮಾಡಿಕೊಡಲಿ, ಎಷ್ಟು ಮಾಡಿದ ಅಂತ ಪುಸ್ತಕದಲ್ಲಿ ಬರೆದಿಡಲಿ. ಆ 6,000 ಉಳಿಸಿ.

ಸ್ಯಾನ್ ರಮೋನ್: ನನ್ನ ಮಾತಿಗೆ ಇನ್ನೂ ಉತ್ತರ ಬಂದಿಲ್ಲ.

ಫ್ರೀಮಾಂಟ್: ಮಗಳು ಭಾನುವಾರದ ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡ್ತಾಳೆ. ಲೆಕ್ಕಕ್ಕೆ ಬರುತ್ತಾ?

ಕೌನ್ಸೆಲರ್: ಬರುತ್ತೆ. ಡಿಪ್ಲೊಮಾದ ಮೇಲೆ ಹಾಕುವ ದ್ವಿಭಾಷಾ ಮುದ್ರೆ, ಸೀಲ್ ಆಫ್ ಬೈಲಿಟರಸಿ, ಕನ್ನಡಕ್ಕೆ ಕೊಡ್ತಾರಾ ಅಂತ ನಿಮ್ಮ ಶಾಲಾ ಜಿಲ್ಲೆಯವರನ್ನೂ ಕೇಳಿ.

ಮಿಲ್ಪಿಟಾಸ್: ಮೇಡಂ, ನಿನ್ನೆ ರಾತ್ರಿ ಅವಳನ್ನು ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬುಧವಾರ ಮಧ್ಯಾಹ್ನ ಈಜೋಕೆ ಹೋಗಬೇಕು, ಒಬ್ಬಳೇ, ಅಂದಳು. ಮತ್ತೆ ಮನೆಯಲ್ಲಿ ಬಚ್ಚಲು, ಅಡುಗೆಮನೆ, ಅಜ್ಜಿಯ ರೂಮು, ಎಲ್ಲಾ ಬಾಗಿಲಿಗೂ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಚೀಟಿ ಅಂಟಿಸಿದ್ದಾಳೆ. ನಮ್ಮ ಮನೆಯವರು ಬರೆದದ್ದು ಅಂದುಕೊಂಡಿದ್ದೆ. ಇವಳೇ ಅಜ್ಜಿಯ ಹತ್ತಿರ ಕೂತು ಅಕ್ಷರ ಕಲಿತು ಬರೆದಿದ್ದಂತೆ.

ಕೌನ್ಸೆಲರ್: ಆ ಚೀಟಿಗಳನ್ನು ಎಸೀಬೇಡಿ. ಬುಧವಾರ ನೀವು ಎಷ್ಟು ಗಂಟೆಗೆ ಮನೆಗೆ ಬರಬಹುದು ಅಂತ ಇವತ್ತೇ ಆಫೀಸಿನಲ್ಲಿ ಕೇಳಿ.