ಪದಚರ್ಚೆ: ವಿಆರ್ ಸಿಮ್ಯುಲೇಟರಿನ ‘ತಲೆಸುತ್ತು’ ಒಂದೇ ತೊಂದರೆಯೋ, ಹಲವೋ?

ಪ್ರಶ್ನೆ (ತುಮಕೂರಿನಿಂದ)

ಎಲ್ಲರಿಗೂ ನಮಸ್ಕಾರ.

ವಿಆರ್ (ವರ್ಚುವಲ್ ರಿಯಾಲಿಟಿ, ಕಣ್ಣ ಮುಂದೆ ಕೃತಕ ಲೋಕ ತೋರಿಸುವ) ಹೆಡ್‌ಸೆಟ್ ಹಾಕಿಕೊಂಡು ವಿಮಾನ ಮತ್ತು ಹೆಲಿಕಾಪ್ಟರ್ ಸಿಮ್ಯುಲೇಟರ್ ಹಾರಿಸುವ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಒಂದು ಪ್ರಶ್ನಾವಳಿ ಬೇಕಾಗಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿರುವುದರಿಂದ ನಮ್ಮ ಕಡೆಯ ಮಕ್ಕಳು ಮೊದಲು ಕೇಳುವುದು ಹೆಲಿಕಾಪ್ಟರನ್ನೇ. ವಿಆರ್ ಈಗ ಆಟದ ಸಾಮಾನಷ್ಟೇ ಅಲ್ಲ. 2021ರಲ್ಲಿ ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ವಿಆರ್ ಆಧಾರಿತ ಹೆಲಿಕಾಪ್ಟರ್ ಸಿಮ್ಯುಲೇಟರೊಂದಕ್ಕೆ ಮೊದಲ ಬಾರಿಗೆ ತರಬೇತಿ ಮಾನ್ಯತೆ ಕೊಟ್ಟಿತು.

ಮೂಲದಲ್ಲಿರುವುದು 1993ರಲ್ಲಿ ಕೆನಡಿ ಮತ್ತು ಸಂಗಡಿಗರು ಪ್ರಕಟಿಸಿದ ಸಿಮ್ಯುಲೇಟರ್ ಕಾಯಿಲೆಯ, ಅಂದರೆ ಸಿಮ್ಯುಲೇಟರಿನಲ್ಲಿ ಕೂತಾಗ ಬರುವ ತಲೆಸುತ್ತು, ವಾಕರಿಕೆ ಮುಂತಾದವುಗಳ ಪ್ರಶ್ನಾವಳಿ. 16 ಲಕ್ಷಣಗಳಿವೆ. ಒಂದೊಂದಕ್ಕೂ ಇಲ್ಲ, ಸ್ವಲ್ಪ, ಸಾಧಾರಣ, ತೀವ್ರ ಎಂದು ಸೊನ್ನೆಯಿಂದ ಮೂರರವರೆಗೆ ಅಂಕ. ಲಕ್ಷಣಗಳನ್ನು ಹೊಟ್ಟೆಯದು, ಕಣ್ಣಿನದು, ದಿಕ್ಕು ತಪ್ಪುವುದು ಎಂದು ಮೂರು ಗುಂಪು ಮಾಡಿ ಲೆಕ್ಕ ಹಾಕುತ್ತಾರೆ. ತಲೆನೋವು, ಬೆವರು, ತೇಗು, ಆಯಾಸ ಇಂಥವಕ್ಕೆ ಪದ ಹುಡುಕಬೇಕಾಗಿಲ್ಲ. ತೊಡಕಿರುವುದು ಇವುಗಳಲ್ಲಿ:

ಮೊದಲನೆಯದು, ತಲೆಸುತ್ತು. ಮೂಲದಲ್ಲಿ ಕಣ್ಣು ತೆರೆದಾಗಿನ ತಲೆಸುತ್ತು, ಕಣ್ಣು ಮುಚ್ಚಿದಾಗಿನ ತಲೆಸುತ್ತು, ಮೇಲೆ-ಕೆಳಗೆ ಯಾವುದೆಂಬ ಅಂದಾಜೇ ತಪ್ಪುವುದು ಎಂದು ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಕನ್ನಡದಲ್ಲಿ ತಲೆಸುತ್ತು, ತಲೆ ತಿರುಗು, ಬವಳಿ, ಚಕ್ಕರ್ ಎಲ್ಲವೂ ಓಡಾಡುತ್ತಿವೆ. ಯಾವುದನ್ನು ಎಲ್ಲಿಗೆ ಇಡಬೇಕು? ಎರಡನೆಯದು, ಬಾಯಲ್ಲಿ ಉಗುಳು ಹೆಚ್ಚುವುದು. ಕರಡಿನಲ್ಲಿ ‘ಬಾಯಲ್ಲಿ ನೀರೂರುವುದು’ ಎಂದಿದೆ. ಓದಿದವರಿಗೆ ಒಗ್ಗರಣೆಯ ನೆನಪಾಗುತ್ತದೆಯೇ ಹೊರತು ವಾಂತಿಯದಲ್ಲ. ಮೂರನೆಯದು, ವಾಕರಿಕೆಗಿಂತ ಒಂದು ಹೆಜ್ಜೆ ಹಿಂದಿನ ಸ್ಥಿತಿ, ಹೊಟ್ಟೆಯ ಮೇಲೆ ಗಮನ ಹೋಗುವಷ್ಟು ಇರುಸುಮುರುಸು. ನಾಲ್ಕನೆಯದು, ಕೂತಲ್ಲೇ ಕೂತಿದ್ದರೂ ನಾವೇ ಮುಂದಕ್ಕೆ ಹೋದಂತೆ ಅನ್ನಿಸುವ ಭ್ರಮೆ. ಇದು ಪ್ರಶ್ನೆಯಲ್ಲಿಲ್ಲ, ಪೀಠಿಕೆಯ ವಿವರಣೆಗೆ ಬೇಕು.

ಎಲ್ಲಕ್ಕೂ ‘ತಲೆಸುತ್ತು’ ಎಂದು ಬರೆದು ಮುಗಿಸಬಹುದು ಎಂಬ ಸಲಹೆಯೂ ಬಂದಿದೆ. ಬಲ್ಲವರು ತಿಳಿಸಬೇಕು.

ಉತ್ತರ 1 (ಚಿಕ್ಕಬಳ್ಳಾಪುರದಿಂದ)

ಮಾನ್ಯರೇ, ಒಂದೇ ಪದದಲ್ಲಿ ಮುಗಿಸುವುದು ಖಂಡಿತ ಬೇಡ. ವಿದ್ಯಾರ್ಥಿ ಏನು ಹೇಳುತ್ತಾನೋ ಅದರ ಮೇಲೆ ಪಕ್ಕದಲ್ಲಿ ನಿಂತವರು ಏನು ಸರಿಪಡಿಸಬೇಕು ಎಂಬುದು ನಿಂತಿರುತ್ತದೆ. ಪದ ತಪ್ಪಿದರೆ ರಿಪೇರಿಯೂ ತಪ್ಪುತ್ತದೆ.

ಮೊದಲು ಕಣ್ಣು. ‘ಕಣ್ಣು ಭಾರ’, ‘ಕಣ್ಣು ಎಳೆದಂಗಾಗ್ತಿದೆ’, ‘ಮಂಜು ಮಂಜು’ ಎಂದರೆ ಹಾರಾಟ ಕಾರಣವಲ್ಲ, ಹೆಡ್‌ಸೆಟ್ ಸರಿಯಾಗಿ ಕೂತಿಲ್ಲ. ಎರಡು ಕಣ್ಣುಪಾಪೆಗಳ ನಡುವಿನ ದೂರಕ್ಕೆ ಲೆನ್ಸ್ ಹೊಂದಿಸಬೇಕು. ಕ್ವೆಸ್ಟ್ 2 ಎಂಬ ಹೆಡ್‌ಸೆಟ್ಟಿನಲ್ಲಿ 58, 63, 68 ಮಿಲಿಮೀಟರ್ ಎಂದು ಮೂರೇ ಜಾಗಗಳಿವೆ. ಗಾಲಿ ತಿರುಗಿಸುವ ಮಾದರಿಗಳಲ್ಲಿ ಇನ್ನೂ ಸೂಕ್ಷ್ಮವಾಗಿ ಹೊಂದಿಸಬಹುದು. ಆಮೇಲೆ ಹೆಡ್‌ಸೆಟ್ಟನ್ನು ಮುಖದ ಮೇಲೆ ಚೂರು ಮೇಲೆ ಕೆಳಗೆ ಸರಿಸಿ, ಅಲ್ಟಿಮೀಟರಿನ (ಎತ್ತರ ತೋರಿಸುವ ಮೀಟರ್) ಅಂಕಿ ಚೊಕ್ಕವಾಗಿ ಕಂಡ ಜಾಗದಲ್ಲಿ ಪಟ್ಟಿ ಬಿಗಿಯಬೇಕು. ದೂರದ್ದು ಕಾಣಲೆಂದು ಕನ್ನಡಕ ಹಾಕುವವರು ಅದನ್ನು ತೆಗೆಯಬಾರದು, ಏಕೆಂದರೆ ಹೆಡ್‌ಸೆಟ್ಟಿನ ಚಿತ್ರ ಮೂಗಿನ ಮುಂದಿದ್ದರೂ ಕಣ್ಣು ಅದನ್ನು ಒಂದರಿಂದ ಎರಡು ಮೀಟರ್ ದೂರದ ವಸ್ತುವಿನಂತೆ ನೋಡುತ್ತದೆ. ಗಾಜಿಗೆ ಗಾಜು ಉಜ್ಜದಂತೆ ನಡುವೆ ಸ್ಪೇಸರ್ ಹಾಕಿ. ಎಲ್ಲ ಸರಿ ಮಾಡಿದರೂ ಸ್ವಲ್ಪ ಆಯಾಸ ಉಳಿದೇ ಉಳಿಯುತ್ತದೆ. ಮುಕ್ಕಾಲು ಮೀಟರ್ ದೂರದ ಪ್ಯಾನೆಲ್ ನೋಡುವಾಗ ಎರಡು ಕಣ್ಣುಗಳೂ ಒಳಕ್ಕೆ ತಿರುಗುತ್ತವೆ, ಆದರೆ ಫೋಕಸ್ ಮಾತ್ರ ಅದೇ ಹಳೆಯ ದೂರದಲ್ಲಿ ನಿಂತಿರುತ್ತದೆ. ಈ ಎಳೆದಾಟಕ್ಕೆ ಸೆಟ್ಟಿಂಗ್ ಇಲ್ಲ, ವಿರಾಮವೊಂದೇ ದಾರಿ.

ಹೊಟ್ಟೆಯದು ಬೇರೆ. ‘ಹೊಟ್ಟೆ ತೊಳಸ್ತಿದೆ’ ಅಂದರೆ ಕಣ್ಣಿಗೂ ಒಳಗಿವಿಗೂ ಹೊಂದಾಣಿಕೆ ತಪ್ಪಿದೆ ಎಂದರ್ಥ. ಒಳಗಿವಿಯ ಮೂರು ಅರ್ಧವೃತ್ತ ನಾಳಗಳು ತಿರುಗುವಿಕೆಯನ್ನು ಅಳೆಯುತ್ತವೆ. ಸಣ್ಣ ಹರಳುಗಳಿರುವ ಎರಡು ಚೀಲಗಳು ವಾಲುವುದನ್ನು, ವೇಗ ಏರಿಳಿಯುವುದನ್ನು ಹೇಳುತ್ತವೆ. ಕಣ್ಣು ‘ವಿಮಾನ ಎಡಕ್ಕೆ ವಾಲಿತು’ ಎನ್ನುವಾಗ ಕಿವಿ ‘ಕುರ್ಚಿ ಅಲುಗಿಲ್ಲ’ ಎನ್ನುತ್ತದೆ. ನೀವು ಕೇಳಿದ ನಾಲ್ಕನೆಯ ಪದ ಇಲ್ಲಿಗೆ ಬರುತ್ತದೆ. ತುಮಕೂರು ಸ್ಟೇಷನ್ನಿನಲ್ಲಿ ಪಕ್ಕದ ರೈಲು ಹೊರಟಾಗ ನಮ್ಮದೇ ಹೊರಟಿತು ಅನ್ನಿಸುತ್ತದಲ್ಲ, ಅದೇ ಅನುಭವ. ‘ಚಲನಭ್ರಮೆ’ ಎನ್ನಿ, ಪೀಠಿಕೆಯಲ್ಲಿ ಒಮ್ಮೆ ಈ ರೈಲಿನ ಮಾತು ಹೇಳಿದರೆ ಯಾರಿಗೂ ಬೇರೆ ವಿವರಣೆ ಬೇಕಾಗುವುದಿಲ್ಲ.

ಈ ಭ್ರಮೆ ವೇಗದಿಂದ ಮಾತ್ರ ಹುಟ್ಟುವುದಿಲ್ಲ, ವೇಗವನ್ನು ಎತ್ತರದಿಂದ ಭಾಗಿಸಿ ನೋಡಬೇಕು. 100 ನಾಟ್ ಎಂದರೆ ಸೆಕೆಂಡಿಗೆ ಸುಮಾರು 51 ಮೀಟರ್. ನೆಲದಿಂದ 1,000 ಅಡಿ ಎತ್ತರದಲ್ಲಿದ್ದರೆ ನೇರ ಕೆಳಗಿನ ನೆಲ ಕಣ್ಣಿಗೆ ಸೆಕೆಂಡಿಗೆ ಸುಮಾರು 10 ಡಿಗ್ರಿಯಂತೆ ಸರಿಯುತ್ತದೆ. 100 ಅಡಿಗೆ ಇಳಿದರೆ ಅದೇ ವೇಗದಲ್ಲಿ 97 ಡಿಗ್ರಿ. ಆದ್ದರಿಂದಲೇ ಟ್ಯಾಕ್ಸಿ ಮಾಡುವಾಗಿನ (ವಿಮಾನವನ್ನು ನೆಲದ ಮೇಲೆ ಓಡಿಸುವಾಗಿನ) ತಿರುವು, ಇಳಿಯುವ ಕೊನೆಯ ಗಳಿಗೆ ಮತ್ತು ಹೆಲಿಕಾಪ್ಟರನ್ನು ನೆಲದ ಹತ್ತಿರ ನಿಲ್ಲಿಸಿ ಹಿಡಿಯುವ ಹೋವರ್ ಇವು ಹೊಸಬರಿಗೆ ಅತಿ ಕಷ್ಟ. ಮಕ್ಕಳು ಹೆಲಿಕಾಪ್ಟರನ್ನೇ ಕೇಳಿದರೂ ಮೊದಲ ದಿನ ಕೊಡಬೇಡಿ. ವಿಮಾನವನ್ನು ಗಾಳಿಯಲ್ಲೇ ಶುರು ಮಾಡಿಸಿ, ನೆಲದಿಂದ 3,000 ಅಡಿ ಮೇಲೆ, ನೇರವಾಗಿ.

ನಮ್ಮ ಬಯಲುಸೀಮೆಯಲ್ಲಿ ಈ ಅಂಕಿಯಲ್ಲೇ ಎಡವುತ್ತಾರೆ. ಅಲ್ಟಿಮೀಟರ್ ಹೇಳುವುದು ಸಮುದ್ರಮಟ್ಟದಿಂದ. ತುಮಕೂರಿನ ನೆಲವೇ ಸುಮಾರು 2,700 ಅಡಿ ಎತ್ತರದಲ್ಲಿದೆ, ದೇವನಹಳ್ಳಿಯ ವಿಮಾನ ನಿಲ್ದಾಣ ಸುಮಾರು 3,000 ಅಡಿ. 3,000 ಎಂದು ಟೈಪ್ ಮಾಡಿ ಶುರು ಮಾಡಿದರೆ ತುಮಕೂರಿನ ಮೇಲೆ ಕೇವಲ 300 ಅಡಿ ಸಿಗುತ್ತದೆ, ನೆಲ ಕಣ್ಣಿಗೆ ರಾಚುತ್ತದೆ, ಹುಡುಗ ಐದು ನಿಮಿಷದಲ್ಲಿ ಹೆಡ್‌ಸೆಟ್ ಕಿತ್ತಿಡುತ್ತಾನೆ. 6,000 ಇಡಿ. ನಂದಿಬೆಟ್ಟ ನೋಡಲು ಹೋಗುವುದಾದರೆ ಇನ್ನೂ ಸಾವಿರ ಸೇರಿಸಿ. ಬೆಟ್ಟದ ನೆತ್ತಿಯೇ 4,850 ಅಡಿ.

ಕಾಕ್‌ಪಿಟ್ ಒಳಗಿನ ನೋಟವನ್ನೇ ಬಳಸಿ. ಕಿಟಕಿಯ ಚೌಕಟ್ಟು, ಡ್ಯಾಶ್‌ಬೋರ್ಡ್ ಕದಲದೆ ನಿಂತಿರುವುದರಿಂದ ಕಣ್ಣಿಗೆ ಆಧಾರ ಸಿಗುತ್ತದೆ. ಹೊರಗಿನಿಂದ ವಿಮಾನವನ್ನು ಹಿಂಬಾಲಿಸುವ ಕ್ಯಾಮೆರಾ ವಿಆರ್‌ನಲ್ಲಿ ಬೇಡವೇ ಬೇಡ. ಕ್ಯಾಮೆರಾ ಅಲುಗಾಟ, ಗುರುತ್ವದ ಒತ್ತಡಕ್ಕೆ ತಲೆ ತಾನಾಗಿ ವಾಲುವ ಆಯ್ಕೆ, ಗಾಳಿಯ ಕುಲುಕಾಟ ಮೂರನ್ನೂ ಆರಿಸಿಡಿ. ವಿಮಾನ ತಿರುವಿನಲ್ಲಿರುವಾಗ ತಲೆ ಬಗ್ಗಿಸಿ ಸ್ವಿಚ್ ಹುಡುಕಬಾರದು. ಮೊದಲು ರೆಕ್ಕೆ ಸಮ ಮಾಡಿ, ಆಮೇಲೆ ಬಗ್ಗಬೇಕು.

ಮೂರನೆಯದು ಓಲಾಟ. ‘ಎಲ್ಲಾ ತೇಲಾಡ್ತಿದೆ’, ‘ಓಲಾಡ್ತಿದೆ’ ಎಂದರೆ ನಾನು ಮೊದಲು ಕಂಪ್ಯೂಟರನ್ನು ನೋಡುತ್ತೇನೆ, ಆಮೇಲೆ ಮನುಷ್ಯನನ್ನು. ತಲೆ ತಿರುಗಿಸಿದ ಮೇಲೆ ಚಿತ್ರ ಬದಲಾಗಲು 20 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಎಂಬುದು ರೂಢಿಯ ಮಿತಿ. 90 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 90 ಫ್ರೇಮ್ (ಚಿತ್ರ) ತೋರಿಸುವಾಗ, ಒಂದೊಂದು ಫ್ರೇಮಿಗೆ ಸಿಗುವುದು 11 ಮಿಲಿಸೆಕೆಂಡ್ ಮಾತ್ರ. ಕಂಪ್ಯೂಟರ್ 50-60 ಫ್ರೇಮ್ ಮಾತ್ರ ಕೊಡಬಲ್ಲದಾದರೆ ಅದನ್ನು ಏರಿಳಿಯಲು ಬಿಡದೆ 90ರ ಅರ್ಧವಾದ 45ಕ್ಕೆ ಕಟ್ಟಿಹಾಕಿ, ನಡುವಿನ ಫ್ರೇಮನ್ನು ಹೆಡ್‌ಸೆಟ್ಟಿನ ತಂತ್ರಾಂಶವೇ ತುಂಬಲಿ. ಏರಿಳಿಯುವ 70ಕ್ಕಿಂತ ಅಲುಗದ 45 ಮೇಲು. ಮೋಡ, ನೆರಳು ಕಡಿಮೆ ಮಾಡಿದರೆ ಗ್ರಾಫಿಕ್ಸ್ ಕಾರ್ಡಿಗೆ ಉಸಿರು. ದೂರದ ನೆಲದ ವಿವರ ಮತ್ತು ಬೇರೆ ವಿಮಾನಗಳ ಸಂಖ್ಯೆ ಇಳಿಸಿದರೆ ಪ್ರೊಸೆಸರಿಗೆ. ಬೆಂಗಳೂರಿನ ಕಟ್ಟಡಗಳ ಮೇಲೆ ಹಾರಿಸುವುದಕ್ಕಿಂತ ಮಧುಗಿರಿ, ಪಾವಗಡದ ಕಡೆ ಹಾರಿಸಿದರೆ ಎರಡಕ್ಕೂ ಹಗುರ.

ಓಲಾಟಕ್ಕೆ ಇನ್ನೊಂದು ಕಾರಣ ಕೋಣೆಯ ಬೆಳಕು. ಹೆಡ್‌ಸೆಟ್ಟಿನ ಹೊರಗಿನ ಕ್ಯಾಮೆರಾಗಳು ಗೋಡೆಯ ಗುರುತು ಹಿಡಿದು ತಮ್ಮ ಜಾಗ ತಿಳಿದುಕೊಳ್ಳುತ್ತವೆ. ಬರೀ ಬಿಳಿ ಗೋಡೆ ಅಥವಾ ಮಬ್ಬು ಬೆಳಕು ಇದ್ದರೆ ಕಾಕ್‌ಪಿಟ್ಟೇ ನಿಧಾನವಾಗಿ ಜಾರತೊಡಗುತ್ತದೆ, ಆಗ ಯಾವ ಗಟ್ಟಿಗನಿಗೂ ತಡೆಯುವುದಿಲ್ಲ. ಗೋಡೆಗೆ ಒಂದೆರಡು ನಕ್ಷೆ ಅಂಟಿಸಿ, ಟ್ಯೂಬ್‌ಲೈಟ್ ಹಾಕಿ. ಕಿಟಕಿಯ ಬಿಸಿಲು ಮಾತ್ರ ಲೆನ್ಸಿಗೆ ಬೀಳಬಾರದು, ಒಳಗಿನ ಪರದೆ ಸುಟ್ಟುಹೋಗುತ್ತದೆ. ಕುರ್ಚಿ ತಿರುಗುವಂಥದ್ದಾಗಿರಬಾರದು. ಕರೆಂಟ್ ಹೋದರೆ ನಡುಹಾರಾಟದಲ್ಲಿ ಚಿತ್ರ ಹೆಪ್ಪುಗಟ್ಟದಂತೆ ಯುಪಿಎಸ್ ಇರಲಿ. ಎದುರಿಗೊಂದು ಟೇಬಲ್ ಫ್ಯಾನ್ ಇಟ್ಟರೆ ಬೆವರೂ ಇಳಿಯುತ್ತದೆ, ಲೆನ್ಸಿಗೆ ಹಬೆಯೂ ಹಿಡಿಯುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ಕಾಣದ ಇನ್ನೊಂದು ಲಕ್ಷಣ ಉಂಟು: ತೂಕಡಿಕೆ, ಮಂಕು, ಮಾತು ಕಡಿಮೆಯಾಗುವುದು. ವಾಕರಿಕೆ ಇಲ್ಲದೆಯೂ ಇದೊಂದೇ ಬರಬಹುದು. 1976ರಲ್ಲಿ ಗ್ರೇಬಿಯಲ್ ಮತ್ತು ನೆಪ್ಟನ್ ಇದನ್ನು ಚಲನೆಯ ಕಾಯಿಲೆಯ ಪ್ರತ್ಯೇಕ ರೂಪವೆಂದು ಗುರುತಿಸಿದರು. ನಿದ್ದೆಗೆಟ್ಟಿದ್ದಾನೆ ಎಂದುಕೊಂಡು ಸುಮ್ಮನಾಗಬಾರದು. ‘ಮಂಕು ಕವಿದಂತಿದೆಯೇ?’ ಎಂದು ಒಂದು ಸಾಲು ಸೇರಿಸಿ, ಆದರೆ ಅಂಕಕ್ಕೆ ಹಿಡಿಯಬೇಡಿ. ಮೂಲದ ಲೆಕ್ಕ ಕೆಡುತ್ತದೆ.

ಯಾವ ಲಕ್ಷಣವೇ ಆಗಲಿ, ಮೊದಲ ಸುಳಿವಿಗೇ ಕಣ್ಣು ಮುಚ್ಚಿಸಿ, ಹೆಡ್‌ಸೆಟ್ ತೆಗೆಸಿ. ಆ ದಿನ ಮತ್ತೆ ಹಾಕಿಸಬೇಡಿ. ತಡೆದುಕೊಂಡು ಹಾರಿಸಿದರೆ ಅಭ್ಯಾಸವಾಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಆಗುವುದು ತದ್ವಿರುದ್ಧ: ಹೆಡ್‌ಸೆಟ್ ಕಂಡರೇ ಹೊಟ್ಟೆ ತೊಳಸುವ ಸ್ಥಿತಿ ಬರುತ್ತದೆ. 10-15 ನಿಮಿಷದ ಹಾರಾಟ, ಒಂದೆರಡು ದಿನ ಬಿಟ್ಟು ಮತ್ತೊಂದು, ಹೀಗೆ ಏರಿಸಿಕೊಂಡು ಹೋದರೆ ಹೆಚ್ಚಿನವರಿಗೆ ಒಗ್ಗುತ್ತದೆ. ಬಸ್ ಪ್ರಯಾಣಕ್ಕೆ ನುಂಗುವ ಪ್ರೊಮೆಥಜೀನ್, ಸಿನ್ನರಿಜೀನ್ ಮಾತ್ರೆಗಳು ನಿದ್ದೆ ತರಿಸುತ್ತವೆ, ಕಲಿಯುವವನ ಚುರುಕನ್ನು ಕುಗ್ಗಿಸುತ್ತವೆ; ವೈದ್ಯರನ್ನು ಕೇಳದೆ ಇವು ಬೇಡ. ಮುದ್ದೆ ಊಟ ಮಾಡಿದ ಕೂಡಲೇ ಕೂರಿಸಬಾರದು, ಹಸಿದ ಹೊಟ್ಟೆಯಲ್ಲೂ ಕೂರಿಸಬಾರದು.

ಉತ್ತರ 2 (ಕೋಲಾರದಿಂದ)

ಮೇಲಿನವರು ತಾಂತ್ರಿಕ ವಿಷಯ ಹೇಳಿದ್ದಾರೆ, ನಾನು ಮಾತಿನ ಬಗ್ಗೆ ಎರಡು ಸೇರಿಸುತ್ತೇನೆ.

ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ನಿಮ್ಮ ಪಾವಗಡದಲ್ಲೂ ಮನೆಮಾತು ತೆಲುಗಾಗಿರುವ ಮಕ್ಕಳು ಬಹಳ. ತೆಲುಗಿನಲ್ಲಿ ‘ಕಳ್ಳು ತಿರುಗುತುನ್ನಾಯಿ’ ಎಂದರೆ ತಲೆಸುತ್ತು. ಅದನ್ನೇ ಕನ್ನಡಕ್ಕೆ ತಂದು ‘ಕಣ್ಣು ತಿರುಗ್ತಿದೆ ಸರ್’ ಎಂದರೆ ಅದು ಕಣ್ಣಿನ ತೊಂದರೆಯಲ್ಲ. ಅದನ್ನು ಕೇಳಿ ಲೆನ್ಸ್ ಸರಿಪಡಿಸುತ್ತಾ ಕೂತರೆ ಅವನಿಗೆ ಇನ್ನಷ್ಟು ಹೆಚ್ಚುತ್ತದೆ. ಹಾಗೆಯೇ ‘ಕಡುಪುಲೋ ತಿಪ್ಪುತೋಂದಿ’ ಎಂದರೆ ಹೊಟ್ಟೆ ತೊಳಸುವುದು. ಕೆಜಿಎಫ್ ಕಡೆಯ ತಮಿಳಿನವರು ಅದಕ್ಕೇ ‘ಕುಮಟ್ಟುದು’ ಎನ್ನುತ್ತಾರೆ. ಪ್ರಶ್ನೆ ಕೇಳುವವರ ಪ್ರತಿಯಲ್ಲಿ ಈ ಮೂರನ್ನೂ ಅಂಚಿನಲ್ಲಿ ಬರೆದಿಡಿ.

‘ಬವಳಿ’ ಬಳಸಬೇಡಿ. ಬವಳಿ ಬಂದು ಬಿದ್ದರು ಎನ್ನುವುದೇ ರೂಢಿ. ಪ್ರಜ್ಞೆ ತಪ್ಪುವ ಅಂಚು ಅದು. ಅದಕ್ಕೆ ‘ಸ್ವಲ್ಪ’ ಎಂದು ಗುರುತು ಹಾಕುವವರು ಯಾರೂ ಇಲ್ಲ. ‘ಪಿತ್ತ’ವನ್ನೂ ಬಿಡಿ. ಪಿತ್ತ ಆಗಿದೆ ಎನ್ನುವವರಿಗೆ ತಲೆಸುತ್ತೂ ಇರಬಹುದು, ವಾಕರಿಕೆಯೂ ಇರಬಹುದು; ಅದು ಲಕ್ಷಣಕ್ಕಿಂತ ಕಾರಣವನ್ನು ಹೇಳುವ ಮಾತು. ಆಯುರ್ವೇದದ ಭ್ರಮ, ಹೃಲ್ಲಾಸ ನಿಖರವಾದ ಪದಗಳೇ, ಆದರೆ ಡಿಪ್ಲೊಮಾ ವಿದ್ಯಾರ್ಥಿ ಹೃಲ್ಲಾಸವನ್ನು ಉಲ್ಲಾಸ ಎಂದು ಓದಿದರೆ ಅಂಕವೇ ತಲೆಕೆಳಗಾಗುತ್ತದೆ.

ನೀವು ಕೇಳಿದವಕ್ಕೆ ನನ್ನ ಸೂಚನೆ: ಉಗುಳಿಗೆ ‘ಬಾಯಲ್ಲಿ ಉಗುಳು ತುಂಬಿಕೊಳ್ಳುತ್ತಿದೆ’. ವಾಕರಿಕೆಯ ಹಿಂದಿನ ಸ್ಥಿತಿಗೆ ‘ಹೊಟ್ಟೆಯಲ್ಲಿ ಒಂಥರಾ ಆಗುತ್ತಿದೆ’. ಬರವಣಿಗೆಗೆ ಸಡಿಲ ಎನಿಸಿದರೂ ಜನ ಆಡುವುದು ಇದನ್ನೇ, ಮತ್ತು ವಾಕರಿಕೆಗೆ ಮುಂಚಿನದು ಎಂಬ ಅರ್ಥ ಅದರಲ್ಲೇ ಇದೆ. ತಲೆ ತುಂಬಿದಂತಾಗುವುದಕ್ಕೆ ‘ತಲೆ ದಿಮ್ ಅನ್ನುತ್ತಿದೆ’. ಮೇಲು-ಕೆಳಗಿನ ಅಂದಾಜು ತಪ್ಪುವುದಕ್ಕೆ ‘ನೆಲ ವಾಲಿದಂತೆ ಅನ್ನಿಸುತ್ತಿದೆ’. ತಲೆಸುತ್ತು ಉಳಿದೆರಡಕ್ಕೆ ಇರಲಿ, ಕಣ್ಣು ತೆರೆದಾಗ, ಕಣ್ಣು ಮುಚ್ಚಿದಾಗ ಎಂಬುದನ್ನು ವಾಕ್ಯದ ಮೊದಲಿಗೇ ತನ್ನಿ. ಕೊನೆಗೆ ಇಟ್ಟರೆ ಓದುವವರು ಅಲ್ಲಿಯವರೆಗೆ ಹೋಗುವುದಿಲ್ಲ.

ಮತ್ತೆ ಉತ್ತರ 1ರವರಿಂದ

‘ನೆಲ ವಾಲಿದಂತೆ’ ಬಹಳ ಸರಿಯಾಗಿದೆ. ಹಳೆಯ ಸಿಮ್ಯುಲೇಟರುಗಳಲ್ಲಿ ಕಣ್ಣಿನ ಗುಂಪಿನ ಅಂಕ ಮುಂದಿರುತ್ತಿತ್ತು, ಹೆಡ್‌ಸೆಟ್ಟುಗಳಲ್ಲಿ ದಿಕ್ಕು ತಪ್ಪುವ ಗುಂಪಿನದು ಮುಂದು. ಹಾಗಾಗಿ ತಲೆಸುತ್ತಿನ ಆ ಮೂರು ಪ್ರಶ್ನೆಗಳ ಮಾತೇ ನಿಮಗೆ ಮುಖ್ಯ.

ಪ್ರಶ್ನಾವಳಿಯನ್ನು ಹಾರಾಟಕ್ಕೆ ಮೊದಲೂ ಒಮ್ಮೆ ತುಂಬಿಸಿ. ಬಿಸಿಲಲ್ಲಿ ಬಂದವರಿಗೆ ತಲೆನೋವು ಮೊದಲೇ ಇರಬಹುದು; ಅಂಥವರನ್ನು ಅಂದು ಕೂರಿಸದಿರುವುದೇ ಸರಿ. ಇನ್ನು ಅನುಭವವಿದ್ದವರಿಗೆ ಇದು ಬಾಧಿಸದು ಎಂದು ಭಾವಿಸಬೇಡಿ. 1957ರಲ್ಲಿ ಬೆಲ್ ಕಂಪನಿಯ ಹೆಲಿಕಾಪ್ಟರ್ ಸಿಮ್ಯುಲೇಟರ್ ಕುರಿತು ಬಂದ ಹಾವ್ರನ್ ಮತ್ತು ಬಟ್ಲರ್ ವರದಿಯಲ್ಲಿ ಹೆಚ್ಚು ತೊಂದರೆಪಟ್ಟವರು ಹೊಸ ವಿದ್ಯಾರ್ಥಿಗಳಲ್ಲ, ನಿಜವಾದ ಹೆಲಿಕಾಪ್ಟರ್ ಹಾರಿಸಿ ಪಳಗಿದ ಬೋಧಕರು. ಚಿತ್ರ ನೋಡಿದೊಡನೆ ಅವರ ಮೈ ನಿಜವಾದ ಅಲುಗಾಟವನ್ನು ನಿರೀಕ್ಷಿಸುತ್ತದೆ, ಅದು ಬರುವುದಿಲ್ಲ. ನಿಮ್ಮಲ್ಲಿಗೆ ನಿವೃತ್ತ ಪೈಲಟ್ ಯಾರಾದರೂ ಬಂದರೆ ಅವರಿಗೂ ಹಾಳೆ ಕೊಡಿ.

ಕೊನೆಗೆ ಅಂಕವಿಲ್ಲದ ಒಂದು ಪ್ರಶ್ನೆ ಸೇರಿಸಿ: ‘ಗಾಡಿ ಓಡಿಸಿಕೊಂಡು ಬಂದಿದ್ದೀರಾ?’ ಓಲಾಟ ಹೆಡ್‌ಸೆಟ್ ತೆಗೆದ ಮೇಲೂ ಗಂಟೆಗಟ್ಟಲೆ ಉಳಿಯಬಹುದು. ಹೌದು ಎಂದವರನ್ನು ಪೂರ್ತಿ ಸರಿಹೋಗುವವರೆಗೆ ಕೂರಿಸಿ, ಕಣ್ಣು ಮುಚ್ಚಿ ನೆಟ್ಟಗೆ ನಿಲ್ಲಬಲ್ಲರೇ ನೋಡಿ. ಆಮೇಲೂ ಅನುಮಾನವಿದ್ದರೆ ಬೈಕಿನ ಕೀ ಕೊಡಬೇಡಿ, ಬಸ್ಸಿಗೆ ಹತ್ತಿಸಿ.