ಅಪ್‌ಡೇಟ್: ಅತ್ತೆಯವರ ಜ್ವರ ಸ್ಕ್ರಬ್ ಟೈಫಸ್

ಪುಣೆಯ ಹೊರವಲಯದ ತೋಟದಲ್ಲಿ ಹುಲ್ಲು ಕೊಯ್ದು ಬಂದ ಮೇಲೆ ಅತ್ತೆಯವರಿಗೆ ಬಿಡದೆ ಕಾಯುತ್ತಿದ್ದ ಜ್ವರಕ್ಕೆ, ಡೆಂಗಿ ಮತ್ತು ಮಲೇರಿಯಾ ಪರೀಕ್ಷೆಗಳೆರಡೂ ನೆಗೆಟಿವ್ ಬಂದಿರುವಾಗ, ಇನ್ನೇನು ಕಾರಣವಿರಬಹುದೆಂದು ಹಿಂದೆ ಕೇಳಿದ್ದೆ. ಅದು ಸ್ಕ್ರಬ್ ಟೈಫಸ್ ಎಂದು ಐಜಿಎಂ ಎಲಿಸಾ ರಕ್ತಪರೀಕ್ಷೆಯಿಂದ ತಿಳಿದುಬಂದಿದೆ. ಸುಳಿವು ಕೊಟ್ಟದ್ದು ಮಾತ್ರ ಸೊಂಟದ ಮೇಲೆ, ಲಂಗದ ಲಾಡಿ ಕಟ್ಟುವ ಜಾಗದಲ್ಲಿ, ಬೀಡಿ ತಾಗಿ ಸುಟ್ಟಂತೆ ಕಪ್ಪು ಹಕ್ಕಳೆಗಟ್ಟಿ ಸುತ್ತಲೂ ಕೆಂಪಾಗಿದ್ದ ಪುಟ್ಟ ಗಾಯ. ನೋವಾಗಲಿ ತುರಿಕೆಯಾಗಲಿ ಇಲ್ಲದ್ದರಿಂದ ಅವರೇ ಅದನ್ನು ಗಮನಿಸಿರಲಿಲ್ಲ. ಕಣ್ಣಿಗೆ ಬೀಳದಷ್ಟು ಸಣ್ಣದಾದ ಒಂದು ಬಗೆಯ ನುಸಿಯ (ಮೈಟ್) ಮರಿ ಕಚ್ಚಿದಾಗ ಈ ಜ್ವರ ತರುವ ಓರಿಯೆಂಟಿಯಾ ಸುಟ್ಸುಗಮುಶಿ ಎಂಬ ಬ್ಯಾಕ್ಟೀರಿಯಾ ದೇಹವನ್ನು ಸೇರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲವಾದ್ದರಿಂದ ಮನೆಯವರ ಆತಂಕವೂ ಕಡಿಮೆಯಾಯಿತು. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಆರಂಭಿಸಿದರೆ ಸಾಮಾನ್ಯವಾಗಿ 48 ಗಂಟೆಗಳೊಳಗೆ ಜ್ವರ ಇಳಿಯುತ್ತದೆ ಎಂದು ವೈದ್ಯರು ಹೇಳಿದ್ದರು. ಹಾಗೆಯೇ ಇಳಿದಿದೆ, ಸುಸ್ತು ಮಾತ್ರ ಇನ್ನೂ ಇದೆ.