ಪದಚರ್ಚೆ: ಫ್ರೀಮೇಸನ್ ಲಾಡ್ಜಿನ ‘ಟೈಲರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಫ್ರೀಮೇಸನ್ನರ ಬಗ್ಗೆ, ಅಂದರೆ ಕಲ್ಲುಕುಟಿಗರ ಕಸುಬಿನ ಮಾತು, ಗುರುತುಗಳನ್ನು ಇಟ್ಟುಕೊಂಡು ಗುಟ್ಟಾಗಿ ಸೇರುವ ಸಹೋದರ ಸಂಘದವರ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಪದ ಮುಂದೆ ಹೋಗಲು ಬಿಡುತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೇ ಬರೆದರೆ ವಾಕ್ಯ ಹೀಗಾಗುತ್ತದೆ: ‘ಲಾಡ್ಜಿನ ಬಾಗಿಲಲ್ಲಿ ಟೈಲರ್ ಕತ್ತಿ ಹಿಡಿದು ನಿಂತಿರುತ್ತಾನೆ.’ ಓದಿದವರ ಕಣ್ಣಿಗೆ ಏನು ಕಟ್ಟುತ್ತದೆ ಹೇಳಿ? ರೂಮು ಬಾಡಿಗೆಗೆ ಕೊಡುವ ಲಾಡ್ಜು, ಅದರ ಮುಂದೆ ಒಬ್ಬ ದರ್ಜಿ. ಅಚ್ಚಿನ ತಪ್ಪಿರಬೇಕು ಅಂತ ಕತ್ತಿಯನ್ನು ಕತ್ತರಿ ಮಾಡಿಕೊಂಡು ಓದಿದರೂ ಆಶ್ಚರ್ಯವಿಲ್ಲ. ಇಂಗ್ಲಿಷಿನಲ್ಲಿ ಬಟ್ಟೆ ಹೊಲಿಯುವ ಟೈಲರ್ ಬೇರೆ, ಲಾಡ್ಜಿನ ಬಾಗಿಲು ಕಾಯುವ ಈ ಟೈಲರ್ ಬೇರೆ. ಬರೆಯುವುದೂ ಬೇರೆ, ಉಲಿಯುವುದೂ ಬೇರೆ. ನಮ್ಮ ಬರವಣಿಗೆಯಲ್ಲಿ ಎರಡೂ ಒಂದೇ ಆಗಿ ಕೂತಿವೆ.

ಲಾಡ್ಜ್ ಹೇಗೋ ನಡೆಯುತ್ತದೆ. ‘ಮೇಸನ್ನರ ಲಾಡ್ಜ್’ ಅಂದರೆ ಗೊತ್ತಾಗುತ್ತದೆ. ಅದು ಕಟ್ಟಡದ ಹೆಸರಲ್ಲ, ಸೇರುವ ಜನರ ಕೂಟದ ಹೆಸರು ಅಂತ ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ಮುಗಿಯಿತು. ತಲೆನೋವು ಟೈಲರ್‌ನದ್ದೇ.

ಪದದ ಮೂಲಾರ್ಥ ಹೆಂಚು ಹೊದಿಸುವವನು. ಫ್ರೆಂಚರು ಈ ಬಾಗಿಲು ಕಾಯುವವನನ್ನು ‘ಕುವ್ರೊರ್’ ಅನ್ನುತ್ತಾರೆ. ಅದರ ಅರ್ಥವೂ ಮಾಡು ಹೊದಿಸುವವನೇ. ಅವರಲ್ಲಿ ಇನ್ನೊಂದು ಚೆಂದದ ಬಳಕೆ ಇದೆ. ಹೊಸಬ ಬಂದಾಗ ಅವನು ನಿಜವಾಗಿ ಮೇಸನ್ ಹೌದೋ ಅಲ್ಲವೋ ಅಂತ ಕೇಳಿ ಪರೀಕ್ಷಿಸುವುದಕ್ಕೆ ‘ಹೆಂಚು ಹೊದಿಸು’ ಅನ್ನುವ ಕ್ರಿಯಾಪದವನ್ನೇ ಬಳಸುತ್ತಾರೆ. ಮಾಡು ಮುಚ್ಚಿದರೆ ಮಳೆ ಒಳಗೆ ಬರುವುದಿಲ್ಲ, ಬಾಗಿಲು ಮುಚ್ಚಿದರೆ ಹೊರಗಿನವನ ಕಿವಿ ಒಳಗೆ ಬರುವುದಿಲ್ಲ. ಕಟ್ಟಡದವರ ಮಾತು ಹೀಗೆ ಕೂಟದ ಮಾತಾಗಿದೆ.

ಹಾಗಂತ ಕನ್ನಡದಲ್ಲಿ ‘ಹೆಂಚಿನವ’ ಅಂದರೆ ನಡೆಯುತ್ತದಾ? ನನಗೇನೋ ಆಸೆ ಆಗಿತ್ತು. ಯಾಕೆಂದರೆ ಅವನ ಕೆಲಸವೇ ಹೊಂಚು ಹಾಕುವವರನ್ನು ತಡೆಯುವುದು. ಹೆಂಚಿನವನು, ಹೊಂಚಿನವನು – ಜೋಡಿ ಸೊಗಸಾಗಿದೆ, ಅಲ್ವಾ? ಆದರೆ ಕಿವಿಗೆ ಹಿತ ಅಂತ ಅರ್ಥ ಕೊಡುತ್ತದೆ ಅನ್ನಲಾಗದು. ‘ಹೆಂಚಿನವ ಬಂದಿದ್ದಾನೆ’ ಅಂದರೆ ಓದುಗರು ಮಾಡಿನ ಕಡೆ ನೋಡುತ್ತಾರೆ, ಬಾಗಿಲಿನ ಕಡೆ ಅಲ್ಲ.

ಪದ ಆರಿಸುವ ಮೊದಲು ಆತ ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಲ್ಲಿಯೇ ಉತ್ತರ ಸಿಗಬಹುದು.

ಟೈಲರ್ ನಿಲ್ಲುವುದು ಮುಚ್ಚಿದ ಬಾಗಿಲಿನ ಹೊರಗೆ. ಕೈಯಲ್ಲಿ ಒರೆಯಿಂದ ಹಿರಿದ ಕತ್ತಿ. ಕೊರಳಿನ ಪದಕದಲ್ಲೂ ಒಂದು ಕತ್ತಿಯ ಗುರುತು. ಬಾಗಿಲಿನ ಒಳಗಡೆ ಇನ್ನೊಬ್ಬ ಕಾವಲುಗಾರ ಇರುತ್ತಾನೆ. ಇಂಗ್ಲೆಂಡಿನ ಲಾಡ್ಜುಗಳಲ್ಲಿ ಅವನ ಪದಕಕ್ಕೆ ಅಡ್ಡಡ್ಡ ಇಟ್ಟ ಎರಡು ಕತ್ತಿ. ಸಭೆ ಶುರುವಾಗುವ ಮೊದಲು ಲಾಡ್ಜಿನ ಮುಖ್ಯಸ್ಥ ಕೇಳಿಸಿಕೊಳ್ಳುವ ಮೊದಲ ವರದಿಯೇ ಬಾಗಿಲಿನದು. ಒಳಗಿನವನು ಬಾಗಿಲ ಬಳಿ ಹೋಗಿ ತಟ್ಟುತ್ತಾನೆ. ಬಾಗಿಲು ತೆರೆಯುವುದಿಲ್ಲ, ಮಾತಿಲ್ಲ. ಹೊರಗಿನಿಂದ ಟೈಲರ್ ಅಷ್ಟೇ ಸಲ ತಟ್ಟುತ್ತಾನೆ. ಅದರರ್ಥ, ನಾನಿಲ್ಲಿ ಇದ್ದೇನೆ, ನಿಮ್ಮ ಕೆಲಸ ನಡೆಯಲಿ. ಆ ಉತ್ತರ ಬರುವ ತನಕ ಒಳಗೆ ಏನೂ ಶುರುವಾಗುವಂತಿಲ್ಲ.

ಕತ್ತಿ ಇದೆ ಅಂತ ಬರೀ ತಡೆಯುವ ಆಳು ಅಂದುಕೊಳ್ಳಬಾರದು. ತಡವಾಗಿ ಬಂದ ಸದಸ್ಯನನ್ನು ಗುರುತಿಸಬೇಕು, ಒಳಗೆ ಯಾವ ಹಂತ ನಡೆಯುತ್ತಿದೆ ಅಂತ ತಿಳಿದು ಹದ ನೋಡಿ ತಟ್ಟಬೇಕು. ಬೇರೆ ಲಾಡ್ಜಿನಿಂದ ಬಂದವರಿದ್ದರೆ ಅವರು ಸರಿಯಾದವರೇ ಅಂತ ಖಾತ್ರಿಯಾಗದೆ ಬಿಡುವಂತಿಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಸುವುದು, ಎಲ್ಲರೂ ಏಪ್ರನ್ ಕಟ್ಟಿಕೊಂಡಿದ್ದಾರಾ ಅಂತ ನೋಡುವುದು ಕೂಡ ಅವನ ಪಾಲಿನದೇ.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ಕೆಲಸ. ಹೊಸದಾಗಿ ಸೇರುವವನನ್ನು ಅಣಿ ಮಾಡುವುದು. ಮೈಮೇಲಿನ ದುಡ್ಡು, ಉಂಗುರ, ಲೋಹದ ವಸ್ತು ಏನಿದ್ದರೂ ತೆಗೆದಿಡಿಸುತ್ತಾನೆ. ಒಂದು ತೋಳು, ಎದೆಯ ಎಡಭಾಗ, ಒಂದು ಮೊಣಕಾಲು ಕಾಣುವಂತೆ ಬಟ್ಟೆ ಸರಿಸುತ್ತಾನೆ. ಒಂದು ಕಾಲಿಗೆ ಸಡಿಲ ಚಪ್ಪಲಿ. ಕಣ್ಣಿಗೆ ಬಟ್ಟೆ ಕಟ್ಟುತ್ತಾನೆ. ಮುಂದೇನು ಅಂತ ಆ ಹೊಸಬನಿಗೆ ಒಂದಿಷ್ಟೂ ಗೊತ್ತಿರುವುದಿಲ್ಲ. ಕಣ್ಣು ಕಟ್ಟುವ ಮೊದಲು ಅವನು ನೋಡುವ ಕೊನೆಯ ಮುಖಗಳಲ್ಲಿ ಟೈಲರ್‌ನದೂ ಒಂದು. ಅಲ್ಲಿ ಗೇಲಿ ಮಾಡಿದರೆ, ಹೆದರಿಸಿದರೆ, ಒಳಗಿನ ಅಷ್ಟೂ ಗಂಭೀರ ಆಚರಣೆ ಹಾಳು. ಈ ಕೆಲಸಕ್ಕೆ ತಾಳ್ಮೆ ಇರುವ, ಮೆತ್ತಗೆ ಮಾತಾಡುವ ಮನುಷ್ಯ ಬೇಕು. ಕತ್ತಿಗೆ ಅದರಲ್ಲಿ ಪಾತ್ರವೇ ಇಲ್ಲ.

ಹದಿನೆಂಟನೇ ಶತಮಾನದಲ್ಲಂತೂ ಕೆಲಸ ಇನ್ನೂ ಹೆಚ್ಚು. ಆಗ ಹೆಚ್ಚಿನ ಲಾಡ್ಜುಗಳಿಗೆ ಸ್ವಂತ ಕಟ್ಟಡ ಇರಲಿಲ್ಲ. ಹೆಂಡದಂಗಡಿಯ ಮೇಲ್ಮಹಡಿಯಲ್ಲಿ ಸೇರುತ್ತಿದ್ದರು. 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜುಗಳು ಸೇರಿ ಗ್ರ್ಯಾಂಡ್ ಲಾಡ್ಜ್ ಅನ್ನುವ ಮೇಲಿನ ಸಂಸ್ಥೆ ಕಟ್ಟಿದ್ದೂ ಸೇಂಟ್ ಪಾಲ್ಸ್ ಚರ್ಚಿನ ಅಂಗಳದ ಒಂದು ಹೆಂಡದಂಗಡಿಯಲ್ಲೇ ಅನ್ನುತ್ತದೆ ಮೇಸನ್ನರ ಇತಿಹಾಸ. ಕೆಳಗೆ ಕುಡಿಯುವ ಜನ, ಮೇಲೆ ಗುಟ್ಟಿನ ಸಭೆ. ಬಾಗಿಲಲ್ಲಿ ಒಬ್ಬ ಬೇಕೇ ಬೇಕು. ಸಭೆಯ ಕರೆಯೋಲೆಯನ್ನು ಸದಸ್ಯರಿಗೆ ಮುಟ್ಟಿಸುವುದು ಟೈಲರ್. ನೆಲದ ಮೇಲೆ ಸೀಮೆಸುಣ್ಣ, ಇದ್ದಿಲಿನಿಂದ ಲಾಡ್ಜಿನ ಗುರುತುಗಳ ಚಿತ್ರ ಬರೆಯುವುದೂ ಅವನೇ. ಸಭೆ ಮುಗಿದ ಮೇಲೆ ಯಾರ ಕಣ್ಣಿಗೂ ಬೀಳದ ಹಾಗೆ ಅದನ್ನು ನೀರು ಹಾಕಿ ಒರೆಸಿಬಿಡುತ್ತಿದ್ದರು. ಇದಕ್ಕೆಲ್ಲ ಸಂಬಳ ಕೊಡುತ್ತಿದ್ದರು. ಈಗಲೂ ಕೆಲವು ಕಡೆ ಟೈಲರ್‌ಗೆ ಸಂಬಳ ಉಂಟು. ಒಬ್ಬನೇ ಹಲವು ಲಾಡ್ಜುಗಳ ಬಾಗಿಲು ಕಾಯುವುದೂ ಉಂಟು.

ಸಂಬಳದ ಆಳು ಅಂದಮೇಲೆ ಕೀಳು ಕೆಲಸವೇ? ಇಲ್ಲಿ ಆಂಥನಿ ಸೇಯರ್‌ನ ಹೆಸರು ಹೇಳಬೇಕು. 1717ರ ಆ ಸಭೆ ಮೊಟ್ಟಮೊದಲ ಗ್ರ್ಯಾಂಡ್ ಮಾಸ್ಟರ್ ಅಂತ ಆರಿಸಿದ್ದು ಇವನನ್ನೇ. ಮುಂದೆ ಬಡತನ ಬಂತು. ಗ್ರ್ಯಾಂಡ್ ಲಾಡ್ಜಿನ ಮುಂದೆ ನೆರವಿಗಾಗಿ ಕೈಚಾಚಬೇಕಾಯಿತು. ಕೊನೆಗೆ ಲಂಡನ್ನಿನ ಓಲ್ಡ್ ಕಿಂಗ್ಸ್ ಆರ್ಮ್ಸ್ ಲಾಡ್ಜಿನಲ್ಲಿ ಟೈಲರ್ ಆದ. ಎಲ್ಲರಿಗಿಂತ ಮೇಲಿನ ಕುರ್ಚಿಯಲ್ಲಿ ಕೂತಿದ್ದವನು ಬಾಗಿಲಾಚೆ ನಿಂತ. ಈಗ ಅನೇಕ ಲಾಡ್ಜುಗಳಲ್ಲಿ ಹಿಂದೆ ಮುಖ್ಯಸ್ಥರಾಗಿದ್ದ ಹಿರಿಯರೇ ಈ ಕೆಲಸ ವಹಿಸಿಕೊಳ್ಳುತ್ತಾರೆ, ಅದೂ ಖುಷಿಯಿಂದ. ಒಳಗೆ ನಡೆಯುವುದೆಲ್ಲ ಬಾಯಿಪಾಠ ಆಗಿರುವವನಿಗೇ ಹೊರಗೆ ನಿಲ್ಲುವುದು ಸುಲಭ ಅಂತ ಕಾಣುತ್ತದೆ.

ಅಮೆರಿಕದ ಲಾಡ್ಜುಗಳಲ್ಲಿ ಟೈಲರ್‌ಗೆ ಕತ್ತಿ ಒಪ್ಪಿಸುವಾಗ ಹೇಳುವ ಮಾತಿನಲ್ಲಿ ಎರಡು ಸಂಗತಿ ಇವೆ. ಒಂದು, ಹೊತ್ತಿಗೆ ಮುಂಚೆ ಬಾ. ನಿನ್ನ ಶ್ರದ್ಧೆಗೆ ಅದೇ ಸಾಕ್ಷಿ. ಇನ್ನೊಂದು, ಈ ಕತ್ತಿ ನಮ್ಮೆಲ್ಲರಿಗೂ ನೆನಪು ಮಾಡಿಕೊಡಲಿ: ಯೋಚನೆಗೆ, ತುಟಿಗೆ, ಮಾಡುವ ಕೆಲಸಕ್ಕೆ ಕಾವಲು ಇಟ್ಟುಕೊಳ್ಳಬೇಕು. ತುಟಿಯ ಬಾಗಿಲಿಗೆ ಕಾವಲು ಅನ್ನುವುದು ಬೈಬಲಿನ 141ನೇ ಕೀರ್ತನೆಯ ಮಾತು. ಇದನ್ನು ಕನ್ನಡಕ್ಕೆ ತರಲು ನಾನು ಒದ್ದಾಡಲೇ ಇಲ್ಲ. ಮನಸ್ಸು, ಮಾತು, ಮೈ ಮೂರೂ ಸೇರಿದ್ದನ್ನು ನಾವು ‘ಕಾಯಾ ವಾಚಾ ಮನಸಾ’ ಅಂತ ದಿನಾ ಹೇಳುತ್ತೇವಲ್ಲ!

ಇನ್ನು ಕನ್ನಡದ ಪದಗಳಿಗೆ ಬರುತ್ತೇನೆ.

‘ದ್ವಾರಪಾಲಕ’ ಎಲ್ಲರಿಗೂ ಮೊದಲು ಹೊಳೆಯುವುದು. ಆದರೆ ಆ ಪದ ಕೇಳಿದ ಕೂಡಲೇ ಗದೆ ಹಿಡಿದ ಕಲ್ಲಿನ ಮೂರ್ತಿ ಎದುರಿಗೆ ಬರುತ್ತದೆ, ಇಲ್ಲವೇ ಜಯ ವಿಜಯರು. ಅವರೋ ತಡೆಯಬಾರದವರನ್ನು ತಡೆದು ಶಾಪ ತಗೊಂಡವರು. ಆಳು ನೋಡಿ ಬಿಡಬೇಕಾದ ಟೈಲರ್‌ಗೆ ಇವರ ಹೆಸರು ಇಡುವುದು ಬೇಡ ಅನ್ನಿಸುತ್ತದೆ. ಬಾಗಿಲು ಕಾಯುವವನಿಗೆ ಹಳಗನ್ನಡದಲ್ಲಿರುವ ‘ಪಡಿಯರ’ ನನಗೆ ಇಷ್ಟ. ಅರ್ಥ ಸರಿಯಾಗಿ ಕೂರುತ್ತದೆ, ಗತ್ತೂ ಇದೆ. ಆದರೆ ಅಡಿಟಿಪ್ಪಣಿ ಇಲ್ಲದೆ ಎಷ್ಟು ಜನಕ್ಕೆ ತಿಳಿದೀತು? ವಾಚ್‌ಮನ್, ಚೌಕಿದಾರ, ಪಹರೆಯವ – ಇವು ಮೂರೂ ಸಂಬಳದ ಕಡೆಗೇ ವಾಲುತ್ತವೆ.

1723ರಲ್ಲಿ ಗ್ರ್ಯಾಂಡ್ ಲಾಡ್ಜಿನ ನಿಯಮಗಳು ಅಚ್ಚಾದಾಗ ಈ ಕೆಲಸದ ವಿಷಯ ಬಂದಿದೆ. ಅಲ್ಲಿ ಟೈಲರ್ ಅನ್ನುವ ಬಿರುದೇ ಇಲ್ಲ. ‘ಬಾಗಿಲು ನೋಡಿಕೊಳ್ಳಲು’ ಇನ್ನೊಬ್ಬ ಸಹೋದರನನ್ನು ನೇಮಿಸಬೇಕು ಅಂತ ಸುಮ್ನೆ ಬರೆದಿದ್ದಾರೆ. ಅವರೇ ಅಷ್ಟು ಸರಳವಾಗಿ ಹೇಳಿರುವಾಗ ನಾವೇಕೆ ಹೆಣಗಬೇಕು? ಹಾಗಾಗಿ ‘ಹೊರಬಾಗಿಲ ಕಾವಲಿಗ’, ಒಳಗಿರುವವನಿಗೆ ‘ಒಳಬಾಗಿಲ ಕಾವಲಿಗ’ ಅಂತ ಇಟ್ಟುಕೊಳ್ಳುವ ಯೋಚನೆ ನನ್ನದು. ಜೋಡಿಯಾಗಿ ಬಳಸಲೂ ಅನುಕೂಲ. ‘ಲಾಡ್ಜಿಗೆ ಸರಿಯಾಗಿ ಹೆಂಚು ಹೊದಿಸಿದೆ’ ಅನ್ನುವ ಅವರ ಮಾತಿಗೆ ‘ಬಾಗಿಲು ಭದ್ರವಾಗಿದೆ’ ಸಾಕು.

ಈಗ ನಿಮ್ಮನ್ನು ಕೇಳಬೇಕಾದ್ದು. ಈ ಕಾವಲಿಗ ತಡೆಯಬೇಕಾದವರು ಎರಡು ಬಗೆಯವರು. ಒಬ್ಬ ಕದ್ದು ಕೇಳುವವ. ಇಂಗ್ಲಿಷಿನಲ್ಲಿ ಅವನ ಹೆಸರು ‘ಈವ್ಸ್‌ಡ್ರಾಪರ್’, ಸೂರಿನಿಂದ ತೊಟ್ಟಿಕ್ಕುವ ನೀರಿನಿಂದ ಬಂದದ್ದು. ಸಿಕ್ಕಿಬಿದ್ದರೆ ಅವನನ್ನು ಮಳೆಯಲ್ಲಿ ಸೂರಿನ ಕೆಳಗೆ ನಿಲ್ಲಿಸಬೇಕು, ಭುಜದಲ್ಲಿ ಇಳಿದ ನೀರು ಬೂಟಿನಿಂದ ಹೊರಗೆ ಹರಿಯುವ ತನಕ – ಹೀಗೊಂದು ಶಿಕ್ಷೆ 1730ರಲ್ಲಿ ಅಚ್ಚಾದ ಒಂದು ಕಿರುಪುಸ್ತಕದಲ್ಲಿದೆ. ಇವನಿಗೆ ‘ಸೂರಡಿಯವ’ ಅಂದರೆ ಹೇಗೆ? ಅತಿಯಾಯಿತಾ?

ಇನ್ನೊಬ್ಬ ‘ಕೋವನ್’, ಮೇಸನ್ ಆಗದೆಯೇ ಮೇಸನ್ ಅಂತ ಹೇಳಿಕೊಂಡು ಒಳಗೆ ಬರಲು ನೋಡುವವ. ಸ್ಕಾಟ್ಲೆಂಡಿನ ಪದ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ಗೋಡೆ ಕಟ್ಟುವವನು, ಗುರುವಿನ ಕೈಕೆಳಗೆ ಪಳಗದೆ ಕಸುಬಿಗೆ ಇಳಿದವನು. ಇಂಥವರನ್ನು ಕೆಲಸಕ್ಕೆ ಸೇರಿಸಿಕೊಳ್ಳಬಾರದು ಅಂತ ಅಲ್ಲಿನ ಕಲ್ಲುಕುಟಿಗರ 1598ರ ಕಟ್ಟಳೆಯಲ್ಲೇ ಇದೆ. ಮೋಸಗಾರ ಅಂದರೆ ಹೆಚ್ಚಾಯಿತು, ಅರೆಕಲಿತವ ಅಂದರೆ ಕಸುಬಿನ ವಾಸನೆ ಹೋಯಿತು. ಕಲ್ಲು ಕೆಲಸ, ಗಾರೆ ಕೆಲಸದವರ ಮಾತು ಬಲ್ಲವರು ಇಲ್ಲಿ ಇದ್ದೀರಿ. ಕಲಿಯದೇ ಕರಣೆ ಹಿಡಿದವನನ್ನು ಅವರು ಏನಂತ ಕರೆಯುತ್ತಾರೆ?